ಅಂಕ ಹಾಕುವ ಮೊದಲು: ಐದು, ಆರು, ಏಳನೇ ತರಗತಿಗೆ ಮೌಲ್ಯಮಾಪನದ ನಿಯಮ ಮಾಡಿಕೊಳ್ಳುವುದು ಹೇಗೆ

ಜೂನ್‌ನಲ್ಲಿ ಶಾಲೆ ಶುರುವಾಗಿ, ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಸೇತುಬಂಧ ಮುಗಿಯುವ ಹೊತ್ತಿಗೆ ಹೊಸದಾಗಿ ಬಂದ ಶಿಕ್ಷಕರು ಕೇಳುವ ಮೊದಲ ಪ್ರಶ್ನೆ ಒಂದೇ. "ಮೇಡಂ, ಎಫ್‌ಎ ಒಂದಕ್ಕೆ ಏನು ಕೊಡೋಣ, ಎಷ್ಟಕ್ಕೆ ಕೊಡೋಣ?" ಎಫ್‌ಎ ಅಂದರೆ ಕಲಿಯುತ್ತಿರುವಾಗಲೇ ತರಗತಿಯಲ್ಲಿ ಮಾಡುವ ರೂಪಣಾತ್ಮಕ ಮೌಲ್ಯಮಾಪನ. ನಾನು ತಿರುಗಿ ಕೇಳುತ್ತೇನೆ: ಅಂಕ ಹೇಗೆ ಬರುತ್ತೆ ಅಂತ ಮಕ್ಕಳಿಗೆ ಹೇಳಿದ್ದೀರಾ? ಬಹಳ ಸಲ ಹೇಳಿರುವುದಿಲ್ಲ. ಅಂಕ ಬಂದ ಮೇಲೆ ಯಾಕೆ ಇಷ್ಟು ಅಂತ ಕೇಳುವ ಧೈರ್ಯ ಹತ್ತು ಹನ್ನೊಂದು ವರ್ಷದ ಮಗುವಿಗೆ ಇರುವುದಿಲ್ಲ. ಅದು ಸುಮ್ನೆ ಪುಸ್ತಕ ಮುಚ್ಚಿಟ್ಟುಕೊಳ್ಳುತ್ತದೆ. ಆದ್ದರಿಂದ ನಿಯಮ ಏನೇ ಇರಲಿ, ಅದು ಕೆಲಸ ಕೊಡುವ ಮೊದಲೇ ಮಕ್ಕಳಿಗೆ ಗೊತ್ತಿರಬೇಕು. ಈ ಬರಹದಲ್ಲಿ ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ.

ಮೊದಲು ಲೆಕ್ಕ ಸರಿಯಾಗಿ ಗೊತ್ತಿರಲಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇರಬೇಕು ಅನ್ನುತ್ತದೆ. ಅದನ್ನೇ ನಾವೆಲ್ಲ ಸಿಸಿಇ ಅನ್ನುವುದು. ನಮ್ಮ ರಾಜ್ಯದ ಪದ್ಧತಿಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ (ಎಸ್‌ಎ), ಅಂದರೆ ಅರ್ಧ ವರ್ಷದ ಕೊನೆಗೊಂದು ಪರೀಕ್ಷೆ. ಎಫ್‌ಎ ಒಂದೊಂದಕ್ಕೆ 15, ಎಸ್‌ಎ ಒಂದೊಂದಕ್ಕೆ 20. ಕೂಡಿದರೆ 60 ಮತ್ತು 40, ಒಟ್ಟು 100. ಇದನ್ನು ಒಂದು ನಿಮಿಷ ಯೋಚನೆ ಮಾಡಿ. ದಸರಾ ರಜೆಗೆ ಮುಂಚಿನ ಪರೀಕ್ಷೆ, ಮಾರ್ಚ್ ಪರೀಕ್ಷೆ ಎರಡೂ ಸೇರಿ ನೂರರಲ್ಲಿ 40 ಮಾತ್ರ. ಉಳಿದ 60 ತರಗತಿಯೊಳಗೆ, ನಿಮ್ಮ ಕಣ್ಣ ಮುಂದೆ, ನಿಮ್ಮ ಪೆನ್ನಿನಿಂದ ಬರುವಂಥದ್ದು. ಅಲ್ಲಿ ನ್ಯಾಯ ತಪ್ಪಿದರೆ ಪ್ರಶ್ನೆಪತ್ರಿಕೆಯನ್ನು ದೂರುವ ಹಾಗಿಲ್ಲ.

ಗ್ರೇಡು ಹೀಗೆ: 90ರಿಂದ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಎಸ್ಸೆಸ್ಸೆಲ್ಸಿಯ ಗ್ರೇಡು ಬೇರೆ ಥರ ಇದೆ, ಎರಡನ್ನೂ ಕಲಸಿಕೊಳ್ಳಬೇಡಿ. ಅಣ್ಣನೋ ಅಕ್ಕನೋ ಹತ್ತನೇ ಕ್ಲಾಸಲ್ಲಿರುವ ಮನೆಗಳಲ್ಲಿ ಈ ಗೊಂದಲ ಖಂಡಿತ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಆರನೇ ತರಗತಿಯ ಹುಡುಗಿ, ವಿಷಯ ಗಣಿತ ಅಂತ ಇಟ್ಟುಕೊಳ್ಳಿ. ಎಫ್‌ಎ ಒಂದರಲ್ಲಿ 11, ಎರಡರಲ್ಲಿ 8. ಎಸ್‌ಎ ಪ್ರಶ್ನೆಪತ್ರಿಕೆ 40 ಅಂಕದ್ದಾಗಿದ್ದು ಅವಳಿಗೆ 22 ಬಂದಿದ್ದರೆ, 20ಕ್ಕೆ ಇಳಿಸಿದಾಗ 11. ಅರ್ಧ ವರ್ಷಕ್ಕೆ 50ರಲ್ಲಿ 30. ಆಮೇಲೆ ಎಫ್‌ಎ ಮೂರು, ನಾಲ್ಕು ಎರಡರಲ್ಲೂ 12, ಎಸ್‌ಎ ಎರಡರಲ್ಲಿ 15, ಅಂದರೆ 39. ವರ್ಷದ ಒಟ್ಟು 69, ಗ್ರೇಡು ಬಿ ಪ್ಲಸ್. ಒಂದೇ ಒಂದು ಅಂಕಕ್ಕೆ ಎ ತಪ್ಪಿತು. ಆಗ ನಮ್ಮ ಕೈ ತಡೆಯುವುದಿಲ್ಲ, ಎಲ್ಲಾದರೂ ಒಂದು ಸೇರಿಸಿಬಿಡೋಣ ಅನಿಸುತ್ತದೆ. ಬೇಡ. 68 ಬಂದ ಪಕ್ಕದ ಹುಡುಗನಿಗೆ ಏನು ಹೇಳುತ್ತೀರಿ? ಅದರ ಬದಲು 30 ಇದ್ದದ್ದು 39 ಆಯಿತಲ್ಲ, ಆ ಏರಿಕೆಯನ್ನು ಅವಳಿಗೂ ಅವಳ ಮನೆಯವರಿಗೂ ಬರೆದು ತೋರಿಸಿ. 69 ಅನ್ನುವ ಸಂಖ್ಯೆಯೊಳಗೆ ಆ ಏರಿಕೆ ಕಾಣುವುದಿಲ್ಲ.

ಈಗ ಆ 15 ಅಂಕದ ವಿಷಯ. ಕೆಲಸ ಕೊಡುವ ದಿನವೇ ಯಾವುದಕ್ಕೆ ಎಷ್ಟು ಅಂತ ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳೂ ಬರೆದುಕೊಳ್ಳಲಿ. ಕನ್ನಡದಲ್ಲಿ ಪತ್ರ ಬರೆಯುವ ಚಟುವಟಿಕೆಗೆ 10 ಅಂಕ ಅಂದರೆ ನಾನು ಹೀಗೆ ಹಂಚುತ್ತೇನೆ: ಯಾರಿಂದ, ಯಾರಿಗೆ, ದಿನಾಂಕ, ಸ್ಥಳ ಸರಿಯಾದ ಜಾಗದಲ್ಲಿದ್ದರೆ 2, ಹೇಳಬೇಕಾದ ವಿಷಯ ಪೂರ್ತಿ ಇದ್ದರೆ 4, ವಾಕ್ಯ ಓದಿದರೆ ಅರ್ಥವಾಗುವಂತಿದ್ದರೆ 2, ಕಾಗುಣಿತ ಒತ್ತಕ್ಷರಕ್ಕೆ 2. ಬರೆದರೆ ಸಾಲದು, ಮಕ್ಕಳ ಕೈಗೇ ಕೊಟ್ಟು ನೋಡಿ. ನಾನೇ ಒಂದು ಸುಳ್ಳು ರಜಾ ಅರ್ಜಿ ಬರೆದು ಬೋರ್ಡಿನ ಮೇಲೆ ಹಾಕುತ್ತೇನೆ. ಅದರಲ್ಲಿ ದಿನಾಂಕ ಇರುವುದಿಲ್ಲ, ಎಷ್ಟು ದಿನ ರಜೆ ಬೇಕು ಅಂತಲೂ ಇರುವುದಿಲ್ಲ. ಆದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ಗುಂಪಾಗಿ ಕೂತು ಅಂಕ ಹಾಕಿ ಅನ್ನುತ್ತೇನೆ. ಮೊದಲು ಎಲ್ಲರೂ ಒಂಬತ್ತು ಹತ್ತು ಅನ್ನುತ್ತಾರೆ, ಅಕ್ಷರ ಚೆನ್ನಾಗಿದೆಯಲ್ಲ. ಆಮೇಲೆ ಒಬ್ಬಳು ಎದ್ದು "ಮಿಸ್, ಎಷ್ಟು ದಿನ ಅಂತಾನೇ ಇಲ್ಲ" ಅನ್ನುತ್ತಾಳೆ. ಅಲ್ಲಿಂದ ಶುರು. ಹತ್ತು ನಿಮಿಷದಲ್ಲಿ ಆ ಅರ್ಜಿ 5ಕ್ಕೆ ಇಳಿದಿರುತ್ತದೆ. ಮಾರನೆಯ ದಿನ ಅವರು ಬರೆದು ತರುವ ಪತ್ರಗಳಲ್ಲಿ ದಿನಾಂಕ ಬಿಟ್ಟವರು ಒಬ್ಬರೋ ಇಬ್ಬರೋ ಅಷ್ಟೇ.

ಕಾಗುಣಿತದ ಬಗ್ಗೆ ಒಂದು ಮಾತು. ನಮ್ಮ ಕಡೆಯ ಮಕ್ಕಳು ಮನೆಯಲ್ಲಿ ಹಕ್ಕಿಗೆ ಅಕ್ಕಿ ಅನ್ನುತ್ತಾರೆ, ಹಾಲಿಗೆ ಆಲು ಅನ್ನುತ್ತಾರೆ. ಬರೆಯುವಾಗ ಭಯಕ್ಕೆ ಬೇಡದ ಕಡೆಯೂ ಹಕಾರ ಹಾಕಿಬಿಡುತ್ತಾರೆ. ಇದು ಅವರ ಮನೆಮಾತು, ದಡ್ಡತನ ಅಲ್ಲ. ಒಂದೇ ಥರದ ತಪ್ಪು ಹತ್ತು ಸಲ ಬಂದರೂ ಒಂದು ತಪ್ಪು ಅಂತಲೇ ಲೆಕ್ಕ ಹಿಡಿಯಿರಿ. ಸಮಾಜ ವಿಜ್ಞಾನದ ಉತ್ತರದಲ್ಲಂತೂ ವಿಷಯ ಸರಿಯಿದ್ದರೆ ಹಕಾರಕ್ಕೆ ಅಂಕ ಕತ್ತರಿಸಲೇಬೇಡಿ. ಅಲ್ಲಿ ನೀವು ನೋಡುತ್ತಿರುವುದು ಮಗುವಿಗೆ ವಿಜಯನಗರದ ಪಾಠ ಗೊತ್ತಾಗಿದೆಯಾ ಅಂತ.

ಪ್ರಾಜೆಕ್ಟ್ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ, ಅದನ್ನು ಹೇಳಲೇಬೇಕು. ನೀರಿನ ಮೂಲಗಳು ಅಂತ ಏಳನೇ ತರಗತಿಗೆ ಕೊಟ್ಟಿದ್ದೆ. ಒಬ್ಬಳು ಥರ್ಮಾಕೋಲಿನ ಮೇಲೆ ಬಣ್ಣದ ಅಣೆಕಟ್ಟು ಮಾಡಿಸಿಕೊಂಡು ಬಂದಳು, ಜೊತೆಗೆ ಸೈಬರ್ ಸೆಂಟರಿನಲ್ಲಿ ತೆಗೆಸಿದ ನಾಲ್ಕು ಹಾಳೆ ಪ್ರಿಂಟು. ಇನ್ನೊಬ್ಬ ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ತನ್ನ ಬೀದಿಯ ಆರು ಬೋರ್‌ವೆಲ್ಲುಗಳು ಎಷ್ಟು ಅಡಿಯವು, ಯಾವುದು ಯಾವ ಬೇಸಿಗೆಯಲ್ಲಿ ಬತ್ತಿತು ಅಂತ ಮನೆಮನೆಗೆ ಹೋಗಿ ಕೇಳಿ ಬರೆದಿದ್ದ. ಹಾಳೆಯ ಮೂಲೆಯಲ್ಲಿ ಎಣ್ಣೆ ಕಲೆ ಇತ್ತು. ನಾನು ಅವಳಿಗೆ ಹತ್ತು, ಅವನಿಗೆ ಆರು ಕೊಟ್ಟೆ. ಆ ಹಾಳೆಯನ್ನು ನಾನು ಸರಿಯಾಗಿ ಓದಿದ್ದು ಎರಡು ವಾರ ಕಳೆದ ಮೇಲೆ. ಅವನ ಹತ್ತಿರ ಹೋಗಿ ತಪ್ಪಾಯ್ತು ಅಂತ ಹೇಳಿ ಅಂಕ ತಿದ್ದಿದೆ. ಅವತ್ತಿನಿಂದ ಪ್ರಾಜೆಕ್ಟಿಗೆ ಮೂರು ನಿಯಮ: ಕೆಲಸ ಶಾಲೆಯಲ್ಲೇ ಆಗಬೇಕು, ದುಡ್ಡು ಕೊಟ್ಟು ತಂದ ಸಾಮಾನಿಗೆ ಅಂಕ ಇಲ್ಲ, ಮತ್ತು ಮಗು ಐದು ನಿಮಿಷ ಅದರ ಬಗ್ಗೆ ಮಾತಾಡಬೇಕು. ಮಾತಾಡಿಸಿದರೆ ಯಾರು ಮಾಡಿದ್ದು ಅಂತ ತಾನಾಗಿಯೇ ಗೊತ್ತಾಗುತ್ತದೆ.

ತಡವಾಗಿ ತಂದ ಹೋಂವರ್ಕಿಗೆ ಏನು ಮಾಡುವುದು? ಸೊನ್ನೆ ಹಾಕುವವರು ಜಾಸ್ತಿ. ಸೊನ್ನೆ ಏನು ಮಾಡುತ್ತದೆ ನೋಡಿ. ಒಬ್ಬ ಹುಡುಗ ಮೂರು ಎಫ್‌ಎಗಳಲ್ಲಿ 12, 12, 12 ತೆಗೆದಿದ್ದಾನೆ. ನಾಲ್ಕನೆಯದಕ್ಕೆ ಕೆಲಸ ಒಪ್ಪಿಸಲಿಲ್ಲ, ಸೊನ್ನೆ. ಸರಾಸರಿ 9ಕ್ಕೆ ಬಂತು. ಆ ಹುಡುಗನಿಗೆ ಗೊತ್ತಿರುವುದು 12ರ ಮಟ್ಟದ್ದು, ಪ್ರಗತಿ ಪತ್ರ ಹೇಳುವುದು 9. ಅಂದರೆ ಪ್ರಗತಿ ಪತ್ರ ಸುಳ್ಳು ಹೇಳುತ್ತಿದೆ. ರಾಗಿ ಕೊಯ್ಲಿನ ದಿನಗಳಲ್ಲಿ, ತಾಯಿ ಕೂಲಿಗೆ ಹೋಗಿ ತಂಗಿಯನ್ನು ನೋಡಿಕೊಳ್ಳಬೇಕಾದ ಮನೆಗಳಲ್ಲಿ ಹೋಂವರ್ಕ್ ತಪ್ಪುತ್ತದೆ. ನನ್ನ ನಿಯಮ ಇಷ್ಟು: ಒಂದು ವಾರ ಅವಕಾಶ, ಆಮೇಲೆ ಶಾಲೆಯಲ್ಲೇ ನನ್ನ ಪಕ್ಕ ಕೂತು ಮಾಡಬೇಕು, ಮಾಡಿದ್ದಕ್ಕೆ ಪೂರ್ತಿ ಅಂಕ. ಯಾಕೆ ತಡವಾಯಿತು ಅಂತ ಕೇಳಿ ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹೀಗೆ ಮಾಡಿದರೆ ಮಕ್ಕಳು ಸೋಮಾರಿಗಳಾಗುತ್ತಾರೆ ಅಂತ ಹೇಳುವವರಿದ್ದಾರೆ. ಆಟದ ಪೀರಿಯಡ್ಡಿನಲ್ಲಿ ಕೂತು ಬಾಕಿ ಕೆಲಸ ಮುಗಿಸಿದ ಮಗು ಎರಡನೇ ಸಲ ಬಾಕಿ ಉಳಿಸಿಕೊಳ್ಳುವುದು ಕಡಿಮೆ, ನಾನು ಕಂಡ ಮಟ್ಟಿಗೆ.

ನಡತೆಯನ್ನು ಅಂಕದೊಳಗೆ ಬೆರೆಸಬೇಡಿ. ನಾನು ಏಳನೇ ತರಗತಿಯಲ್ಲಿದ್ದಾಗ ನೋಟ್‌ಬುಕ್ಕಿಗೆ ಬೈಂಡ್ ಹಾಕಿಲ್ಲ ಅಂತ ವಿಜ್ಞಾನದಲ್ಲಿ ಐದು ಅಂಕ ಕಳೆದಿದ್ದರು. ಬೈಂಡ್ ಶೀಟಿಗೆ ಮನೆಯಲ್ಲಿ ದುಡ್ಡಿರಲಿಲ್ಲ. ಆ ಐದು ಅಂಕಕ್ಕೂ ವಿಜ್ಞಾನಕ್ಕೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಶುಚಿತ್ವ, ಸಹಕಾರ, ಸಮಯಪಾಲನೆ ಇವೆಲ್ಲ ಬೇಕು, ಆದರೆ ಮೌಲ್ಯಮಾಪನದಲ್ಲಿ ಅದಕ್ಕೆಂದೇ ಭಾಗ ಬಿ ಅಂತ ಬೇರೆ ಇದೆ. ಗಲಾಟೆ ಮಾಡಿದ್ದಕ್ಕೆ ಗಣಿತದಲ್ಲಿ ಎರಡು ಕಡಿಮೆ ಮಾಡಿದರೆ ಮುಂದಿನ ವರ್ಷದ ಶಿಕ್ಷಕರಿಗೆ ಇವನಿಗೆ ಭಿನ್ನರಾಶಿ ಬರುವುದಿಲ್ಲ ಅಂತ ತಪ್ಪು ಮಾಹಿತಿ ಹೋಗುತ್ತದೆ.

ಭಿನ್ನರಾಶಿ ಅಂದಾಗ ನೆನಪಾಯಿತು, ತಿದ್ದುವುದನ್ನೂ ಹೇಳುತ್ತೇನೆ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಅಂದರೆ ಐದನೇ ಎರಡು ಅಂತ ಬರೆಯುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿರುತ್ತಾರೆ. ಕೆಂಪು ಇಂಟು ಹಾಕಿ ಸೊನ್ನೆ ಕೊಟ್ಟರೆ ಮಗುವಿಗೆ ತಪ್ಪು ಅಂತ ತಿಳಿಯುತ್ತದೆ, ಎಲ್ಲಿ ಅಂತ ತಿಳಿಯುವುದಿಲ್ಲ. ನಾನು ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ: "ಅರ್ಧ ರೊಟ್ಟಿಗೆ ಇನ್ನೂ ಸ್ವಲ್ಪ ರೊಟ್ಟಿ ಸೇರಿಸಿದರೆ ಅರ್ಧಕ್ಕಿಂತ ಜಾಸ್ತಿ ಆಗಬೇಕಲ್ವಾ? ನಿನ್ನ ಉತ್ತರ ಅರ್ಧಕ್ಕಿಂತ ಜಾಸ್ತಿ ಇದೆಯಾ ನೋಡು." ಮಗು ತಾನೇ ತಿದ್ದಿಕೊಂಡು ಬಂದರೆ ಹೊಸ ಅಂಕ. ಎಫ್‌ಎ ಇರುವುದೇ ಅದಕ್ಕೆ. ಕಲಿಯುತ್ತಿರುವಾಗ ನೋಡಿ ದಾರಿ ತೋರಿಸುವುದಕ್ಕೆ. ಸಿ ಬಂದ ಮಕ್ಕಳಿಗೆ ಬಾರದ್ದನ್ನು ಮತ್ತೆ ಕಲಿಸುವ ಪರಿಹಾರ ಬೋಧನೆ ಕೊಟ್ಟ ಮೇಲೆ ಮತ್ತೆ ನೋಡದೆ ಹಳೇ ಅಂಕವನ್ನೇ ಉಳಿಸಿಕೊಂಡರೆ ಪರಿಹಾರ ಬೋಧನೆ ಬರೀ ದಾಖಲೆಗೆ ಮಾಡಿದ ಹಾಗಾಗುತ್ತದೆ.

ನಾಲ್ಕನೇ ತರಗತಿಯವರಿಗೆ ಪಾಠ ಮಾಡುವವರು ಇನ್ನೂ ಸ್ವಲ್ಪ ನಿಧಾನ ಮಾಡಿ. ಮೂರನೇ ತರಗತಿಯವರೆಗೆ ಆ ಮಕ್ಕಳು ನಲಿಕಲಿ ಅನ್ನುವ ಚಟುವಟಿಕೆ ಪದ್ಧತಿಯಲ್ಲಿ ಕಲಿಕೆಯ ಏಣಿ ಹತ್ತುತ್ತಾ, ತಮ್ಮ ತಮ್ಮ ವೇಗದಲ್ಲಿ ಮೈಲಿಗಲ್ಲು ದಾಟುತ್ತಾ ಬಂದವರು. ಎಲ್ಲರಿಗೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಅನ್ನುವುದು ಅವರಿಗೆ ಹೊಸದು.

ಪೋಷಕರ ಸಭೆಯಲ್ಲಿ ಬರುವ ಪ್ರಶ್ನೆ ಒಂದೇ: "ಮೇಡಂ, ನನ್ ಮಗ ಪಾಸಾ, ಫೇಲಾ?" ಬಿ ಪ್ಲಸ್ ಅಂದರೆ ಅವರಿಗೆ ಏನೂ ಹೇಳಿದ ಹಾಗಾಗುವುದಿಲ್ಲ. "ನೋಡಿ ಅಮ್ಮ, ಓದ್ತಾನೆ, ಅರ್ಥ ಮಾಡ್ಕೊತಾನೆ, ಆದ್ರೆ ಭಾಗಾಕಾರದಲ್ಲಿ ಶೇಷ ಉಳಿದ್ರೆ ತಬ್ಬಿಬ್ಬಾಗ್ತಾನೆ. ಅಂಗಡಿಗೆ ಕಳ್ಸಿದಾಗ ಚಿಲ್ಲರೆ ಲೆಕ್ಕ ಅವನ ಕೈಲೇ ಹಾಕ್ಸಿ" ಅಂದರೆ ಆ ತಾಯಿಗೆ ಮನೆಗೆ ತೆಗೆದುಕೊಂಡು ಹೋಗಲು ಏನೋ ಸಿಕ್ಕಿತು. ಬೇರೆ ಪೋಷಕರ ಮುಂದೆ ಅಂಕ ಓದಬೇಡಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿ. ಉತ್ತರ ಪತ್ರಿಕೆ ಅವರ ಕೈಗೆ ಕೊಡಿ. ಓದಲು ಬರದ ತಾಯಿಯೂ ಜುಲೈನ ಪುಟಕ್ಕೂ ಜನವರಿಯ ಪುಟಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಿನಲ್ಲೇ ಗುರುತಿಸುತ್ತಾರೆ.

ಪಾಸು ಫೇಲಿನ ಗೊಂದಲಕ್ಕೆ ಕಾರಣವೂ ಇದೆ. ಮೊದಲು ಎಂಟನೇ ತರಗತಿವರೆಗೆ ಯಾರನ್ನೂ ಹಿಂದೆ ಉಳಿಸುವಂತಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ಪರೀಕ್ಷೆ, ಅನುತ್ತೀರ್ಣರಾದರೆ ಎರಡು ತಿಂಗಳೊಳಗೆ ಇನ್ನೊಂದು ಅವಕಾಶ ತಂದು, ಆಮೇಲೂ ಆಗದಿದ್ದರೆ ಉಳಿಸಬೇಕೋ ಬೇಡವೋ ಅನ್ನುವ ತೀರ್ಮಾನ ಸರ್ಕಾರಕ್ಕೆ ಬಿಟ್ಟಿತು. ನಮ್ಮಲ್ಲಿ 2023ರ ಮಾರ್ಚ್‌ನಲ್ಲಿ ಐದು, ಎಂಟಕ್ಕೆ ಮೌಲ್ಯಾಂಕನ ಅನ್ನುವ ಪರೀಕ್ಷೆ ನಡೆಯಿತು. ಮರುವರ್ಷ ಬೋರ್ಡ್ ಪರೀಕ್ಷೆಯ ವಿವಾದ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಿತ್ತು. ಪೋಷಕರು ಟಿವಿಯಲ್ಲಿ ಇದನ್ನೆಲ್ಲ ನೋಡಿ ಹೆದರಿರುತ್ತಾರೆ. ಆಯಾ ವರ್ಷದ ಇಲಾಖೆ ಸುತ್ತೋಲೆ ಓದಿಕೊಂಡು ಸಭೆಗೆ ಹೋಗಿ, ಅದರಲ್ಲಿ ಇದ್ದದ್ದನ್ನು ಮಾತ್ರ ಹೇಳಿ.

ಕೊನೆಗೆ ಪ್ರಗತಿ ಪತ್ರದ ಷರಾ ಕಾಲಂ. ಉತ್ತಮ, ಸಾಧಾರಣ, ಇನ್ನೂ ಶ್ರಮಿಸಬೇಕು, ಈ ಮೂರೇ ಮಾತನ್ನು ನಲವತ್ತು ಮಕ್ಕಳಿಗೆ ಬರೆದು ಮುಗಿಸುವುದು ಸುಲಭ. ಬೇಡ. ದಿನಕ್ಕೆ ಐದು ಮಕ್ಕಳಂತೆ ಎಂಟು ದಿನ ಮೊದಲೇ ಶುರು ಮಾಡಿ. ಜಾಗ ಚಿಕ್ಕದು, ಎರಡೇ ವಾಕ್ಯ ಹಿಡಿಸುತ್ತದೆ. ಒಂದು ಬಂದದ್ದು, ಒಂದು ಬರಬೇಕಾದ್ದು. ಮೇಲೆ ಹೇಳಿದ 69ರ ಹುಡುಗಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ: "ಭಿನ್ನರಾಶಿ, ದಶಮಾಂಶ ಈಗ ತಾನಾಗಿಯೇ ಮಾಡುತ್ತಾಳೆ, ಅರ್ಧ ವರ್ಷದಲ್ಲಿ 30ರಿಂದ 39ಕ್ಕೆ ಬಂದಿದ್ದಾಳೆ. ರಜೆಯಲ್ಲಿ ಕೋನಮಾಪಕ ಹಿಡಿದು ದಿನಕ್ಕೆರಡು ಕೋನ ಅಳೆಯಲಿ."