ಗಸಿಯ ಮೇಲೆ ಏರಿ ಕಟ್ಟಿದ್ದು

ಒಂದು ಹಿಡಿ ಒದ್ದೆ ಟೇಲಿಂಗ್ಸ್ ಅಂಗೈಯಲ್ಲಿಟ್ಟು, ಇನ್ನೊಂದು ಕೈಯಿಂದ ಆ ಕೈಗೆ ಪಟಪಟ ತಟ್ಟಬೇಕು. ಮಂಕಾಗಿದ್ದ ಬೂದು ಮುದ್ದೆ ತಟ್ಟಿದ ಹಾಗೆಲ್ಲ ಹೊಳೆಯತೊಡಗುತ್ತದೆ. ಒಳಗಿನ ನೀರು ಮೇಲೆ ಬಂದಿರುತ್ತದೆ. ಬೆರಳಿಂದ ಹಿಂಡಿದರೆ ಹೊಳಪು ಮಾಯ, ನೀರು ವಾಪಸ್ ಒಳಗೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ನಾನು ಮೊದಲು ಮಾಡಿಸುವುದು ಇದನ್ನೇ. ನೂರಾರು ಎಕರೆ ಈ ಮುದ್ದೆಯ ಮೇಲೆ ನಾವು ಏರಿ ಎತ್ತರಿಸಬೇಕು ಎಂದರೆ ಆಗ ಅವರಿಗೆ ಅರ್ಥವಾಗುತ್ತದೆ.

ಅದಿರನ್ನು ನುಣ್ಣಗೆ ಅರೆದು ಲೋಹ ತೆಗೆದ ಮೇಲೆ ಉಳಿಯುವ ಗಸಿಯೇ ಟೇಲಿಂಗ್ಸ್. ಅದನ್ನು ನೀರಿನ ಜೊತೆ ಪೈಪಿನಲ್ಲಿ ತಂದು ಒಡ್ಡಿನ ಹಿಂದೆ ಬಿಡುತ್ತಾರೆ. ದಪ್ಪ ಮರಳು ಒಡ್ಡಿನ ಹತ್ತಿರವೇ ಕೂರುತ್ತದೆ, ನುಣುಪು ಗಸಿ ದೂರ ಹೋಗಿ ನೀರಿನಡಿ ಇಳಿಯುತ್ತದೆ. ಜಾಗ ತುಂಬಿದಾಗ ಒಡ್ಡು ಎತ್ತರಿಸಲೇಬೇಕು. ನಮ್ಮೂರಿನ ಕೆರೆ ಏರಿಯನ್ನು ಎತ್ತರಿಸುವುದಾದರೆ ಹೊರಗಡೆಯಿಂದ ಮಣ್ಣು ಕೊಟ್ಟು ಅಗಲ ಮಾಡುತ್ತೇವೆ, ಅಲ್ವಾ? ಗಣಿಯಲ್ಲಿ ಎಷ್ಟೋ ಸಲ ಹೊರಗಡೆ ಜಾಗವೇ ಇರುವುದಿಲ್ಲ. ಆಗ ಒಳಮುಖವಾಗಿ, ಹಳೆ ಗಸಿಯ ಮೇಲೆಯೇ ಹೊಸ ಏರಿ ಕೂರಿಸುತ್ತಾರೆ. ಖರ್ಚು ಕಮ್ಮಿ, ಅಪಾಯ ಜಾಸ್ತಿ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಕುಸಿದು 270 ಜನರನ್ನು ಬಲಿ ತೆಗೆದುಕೊಂಡದ್ದು ಇಂಥದ್ದೇ 86 ಮೀಟರ್ ಎತ್ತರದ ಒಡ್ಡು. ಅಲ್ಲಿಗೆ ಗಸಿ ಬಿಡುವುದನ್ನು ನಿಲ್ಲಿಸಿ ಎರಡೂವರೆ ವರ್ಷವಾಗಿತ್ತು. ಮೇಲೆ ಹುಲ್ಲು ಬೆಳೆದಿತ್ತು, ಒಳಗೆ ನೀರು ಹಾಗೇ ಇತ್ತು.

ನಾನು ಹೇಳುತ್ತಿರುವುದು ರಾಜಸ್ಥಾನದ ಅರಾವಳಿ ಬೆಟ್ಟಗಳ ನಡುವಿನ ಒಂದು ಸೀಸ-ಸತುವಿನ ಗಣಿಯ ಕೆಲಸ. ಒಡ್ಡನ್ನು 3 ಮೀಟರ್‌ನಂತೆ ಎರಡು ಸಲ ಎತ್ತರಿಸಬೇಕಿತ್ತು. ಕೆಳಗಿನ ಹಳ್ಳದ ಪಕ್ಕ ಮನೆಗಳು, ಮೇಕೆ ಮೇಯಿಸುವ ಮಕ್ಕಳು. ದಿನಾ ಬೆಳಿಗ್ಗೆ ಜೀಪು ಆ ಮನೆಗಳ ಮುಂದೆಯೇ ಹೋಗುತ್ತಿತ್ತು.

ಮೊದಲು ಕೋನ್ ಪರೀಕ್ಷೆ. 36 ಮಿಲಿಮೀಟರ್ ದಪ್ಪದ ಉಕ್ಕಿನ ಮೊನೆಯನ್ನು ಸೆಕೆಂಡಿಗೆ 2 ಸೆಂಟಿಮೀಟರ್ ವೇಗದಲ್ಲಿ ಒಳಕ್ಕೆ ಒತ್ತುತ್ತಾ ಹೋಗುವುದು. ಮರಳು ಬಂದಾಗ ಮೊನೆಗೆ ತಡೆ ಏರುತ್ತದೆ. ನುಣುಪು ಗಸಿ ಬಂದಾಗ ತಡೆ ದಿಢೀರ್ ಬೀಳುತ್ತದೆ, ಮೊನೆಯ ಹಿಂದಿನ ನೀರಿನ ಒತ್ತಡ ಏರುತ್ತದೆ. ನಮ್ಮ ಮೊದಲ ಸುತ್ತಿನಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತ್ತು. ಪಂಪ್‌ಹೌಸಿನ ವಯಸ್ಸಾದ ಆಪರೇಟರ್ ಒಬ್ಬರು ಎಡಗಡೆ ಮೂಲೆ ತೋರಿಸಿ, ಹಿಂದೆ ಬಹಳ ಕಾಲ ನೀರು ನಿಲ್ಲುತ್ತಿದ್ದದ್ದು ಅಲ್ಲೇ ಎಂದರು. ಅಲ್ಲಿ ಮತ್ತೆ ಒತ್ತಿ ನೋಡಿದೆವು. 5 ಮೀಟರ್ ಕೆಳಗೆ 2 ಮೀಟರ್ ದಪ್ಪದ ನುಣುಪು ಗಸಿ ಸಿಕ್ಕಿತು. ನಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ. ಅಂದಿನಿಂದ ಯಾವ ಒಡ್ಡಿಗೆ ಹೋದರೂ ಹಳೇ ಪಂಪ್ ಆಪರೇಟರ್ ಯಾರು ಎಂದು ಮೊದಲು ಕೇಳುತ್ತೇನೆ.

ಎತ್ತರಿಸುವ ಮುಂಚೆ ಒಡ್ಡಿನ ಬುಡಕ್ಕೆ ಕಲ್ಲಿನ ಆಸರೆ ಕೊಟ್ಟೆವು. ಅದರಡಿ ಮರಳಿನ ಸೋಸುಪದರ, ಜಿನುಗು ನೀರಿನ ಜೊತೆ ಪುಡಿ ಕೊಚ್ಚಿ ಹೋಗದಿರಲಿ ಎಂದು. ಒಳಗೆ ನಿಂತ ನೀರನ್ನು ಒಡ್ಡಿನಿಂದ ಆದಷ್ಟು ಹಿಂದಕ್ಕೆ ಸರಿಸಿದೆವು. ಇವೆರಡೂ ಆಗದೆ ಮೇಲೆ ಯಂತ್ರ ಹತ್ತಿಸಬಾರದು ಎಂಬುದು ನನ್ನ ಹಟ.

ಆಮೇಲೆ, ಕೆಳಗಿನ ನೆಲ ಹೊಸ ಏರಿಯ ಭಾರ ಹೊರಲಿ ಎಂದು ಜಲ್ಲಿ ಕಂಬಗಳು. ಗಸಿಯ ಮೇಲೆ ಜಿಯೋಟೆಕ್ಸ್‌ಟೈಲ್ ಎಂಬ ಗಟ್ಟಿ ಬಟ್ಟೆ ಹಾಸಿ, ಅದರ ಮೇಲೆ ಗಣಿಯ ಕಲ್ಲು ಹರಡಿ ಯಂತ್ರಕ್ಕೆ ನೆಲ ಮಾಡಿಕೊಂಡೆವು. ಅದುರುವ ಉದ್ದನೆಯ ಕೊಳವೆ ಕೆಳಗಿಳಿಯುತ್ತದೆ. ಜಲ್ಲಿ ಅದರ ತುದಿಯಿಂದಲೇ ಹೊರಬೀಳುತ್ತದೆ. ಸ್ವಲ್ಪ ಮೇಲೆತ್ತಿ, ಮತ್ತೆ ಒತ್ತಿ, ಹೀಗೇ ಮೇಲಿನವರೆಗೆ. ಜಲ್ಲಿ ಬಿಗಿಯಾದಂತೆ ಮೋಟಾರಿನ ಆಂಪಿಯರ್ ಏರುತ್ತದೆ. ಆಪರೇಟರ್ ಕಣ್ಣು ಆ ಮುಳ್ಳಿನ ಮೇಲೆಯೇ ಇರಬೇಕು. ನಮ್ಮ ಕಂಬ 900 ಮಿಲಿಮೀಟರ್ ದಪ್ಪ, ತ್ರಿಕೋನ ಸಾಲಿನಲ್ಲಿ 2.2 ಮೀಟರ್‌ಗೆ ಒಂದು. ಅಂದರೆ ನೂರು ಪಾಲು ನೆಲದಲ್ಲಿ ಸುಮಾರು 15 ಪಾಲು ಜಲ್ಲಿ.

ಭಯ ಇದ್ದದ್ದು ಆ ಅದುರುವಿಕೆಯದ್ದೇ. ಅಂಗೈ ಮೇಲಿನ ಮುದ್ದೆಗೆ ಆಗುವುದು ಒಡ್ಡಿಗೂ ಆಗಬಹುದು. ಅದಕ್ಕೆ ಮೊದಲ ಕಂಬಗಳನ್ನು ಇಳಿಜಾರಿನಿಂದ ಬಹಳ ಒಳಗೆ, ಪ್ರಯೋಗಕ್ಕೆಂದು ಹಾಕಿದೆವು. ಸುತ್ತ ಒಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಹೂತು, ಒತ್ತಡ ಇಷ್ಟು ಏರಿದರೆ ಯಂತ್ರ ನಿಲ್ಲಬೇಕು ಎಂದು ಮೊದಲೇ ಬರೆದಿಟ್ಟಿದ್ದೆವು. ಮೂರನೇ ದಿನ ಮಧ್ಯಾಹ್ನ, ಅಕ್ಕಪಕ್ಕ ನಾಲ್ಕು ಕಂಬ ಮುಗಿಯುವಷ್ಟರಲ್ಲಿ ಒಂದು ಪೀಜೋಮೀಟರ್‌ನಲ್ಲಿ ನೀರು 80 ಸೆಂಟಿಮೀಟರ್ ಮೇಲೇರಿತು. ನಿಲ್ಲಿಸಿದೆ. ಮಳೆಗಾಲ ಹತ್ತಿರ ಬರುತ್ತಿದೆ, ಗುತ್ತಿಗೆಯ ದಿನ ಮೀರುತ್ತಿದೆ, ಸುಮ್ನೆ ಹೆದರುತ್ತೀರಿ ಎಂದು ಫೋನ್ ಮೇಲೆ ಫೋನ್. ಒತ್ತಡ ಇಳಿದದ್ದು ಮಾರನೆಯ ಬೆಳಿಗ್ಗೆ. ಅಂದಿನಿಂದ ಒಂದು ಬಿಟ್ಟು ಒಂದು ಕಂಬ ಹಾಕಿ, ಬಿಟ್ಟದ್ದನ್ನು ಎರಡು ದಿನದ ನಂತರ ತುಂಬಿದೆವು. ಕೆಲಸ ಐದು ವಾರ ಹಿಂದೆ ಬಿತ್ತು. ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಮುಗಿದ ಮೇಲೆ ಕಂಬಗಳ ನಡುವೆ ಮತ್ತೆ ಕೋನ್ ಒತ್ತಿದೆವು. ಮರಳು ಪದರ ಚೆನ್ನಾಗಿ ಬಿಗಿಯಾಗಿತ್ತು. ನುಣುಪು ಗಸಿ ಹೆಚ್ಚುಕಮ್ಮಿ ಹಾಗೇ ಇತ್ತು. ನುಣುಪು ಮಣ್ಣನ್ನು ಎಷ್ಟು ಅದುರಿಸಿದರೂ ಅದು ಮರಳಿನಂತೆ ಬಿಗಿಯಾಗುವುದಿಲ್ಲ. ಅಲ್ಲಿ ಭಾರ ಹೊರುವುದು ಕಂಬವೇ. ಕಂಬದ ಮೂಲಕ ನೀರೂ ಹೊರಬರುತ್ತದೆ, ನಿಜ. ಆದರೆ ಜಲ್ಲಿಯ ಸಂದಿಗೆ ಗಸಿ ನುಗ್ಗಿ ಕಟ್ಟಿಕೊಳ್ಳಬಹುದು. ಹಾಗಾಗಿ ಮುಂದಿನ ಇಪ್ಪತ್ತು ವರ್ಷ ಇದು ನೀರು ಬಸಿಯುತ್ತದೆ ಎಂದು ಲೆಕ್ಕಕ್ಕೆ ಹಿಡಿಯಲು ನಾನು ಒಪ್ಪಲಿಲ್ಲ. ಆ ಎಡ ಮೂಲೆಯ ಒಳಭಾಗಕ್ಕೆ ಬೇರೆಯಾಗಿ 100 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಬತ್ತಿಗಳನ್ನು ಇಳಿಸಿದೆವು. ಮೇಲೆ ಮಣ್ಣಿನ ಭಾರ ಬಿದ್ದಂತೆ ಬತ್ತಿಯ ಬಾಯಲ್ಲಿ ನೀರು ಸಣ್ಣಗೆ ಉಕ್ಕಿ ಕಲ್ಲಿನ ಪದರಕ್ಕೆ ಇಳಿಯುತ್ತಿತ್ತು. ಅದನ್ನು ನೋಡುತ್ತಾ ಅಲ್ಲೇ ಕುಕ್ಕರುಗಾಲಲ್ಲಿ ಎಷ್ಟೋ ಹೊತ್ತು ಕೂತಿದ್ದೆ.

ಮೊದಲ 3 ಮೀಟರನ್ನು ಅರ್ಧರ್ಧ ಮೀಟರ್‌ನಂತೆ ಏರಿಸಿದೆವು. ಪ್ರತಿ ಅರ್ಧ ಮೀಟರ್ ಆದಮೇಲೂ ಒತ್ತಡ ಇಳಿಯುವವರೆಗೆ ಕಾದೆವು. ಎರಡನೆಯದು ಮಳೆಗಾಲ ಕಳೆದ ಮೇಲೆಯೇ ಎಂದು ಬರೆದುಕೊಟ್ಟೆ. ಮಳೆಯ ಆ ಮೂರು ತಿಂಗಳು ಪೀಜೋಮೀಟರ್ ಓದಿ ಬರೆಯುವ ಕೆಲಸ ಕೆಳಗಿನ ಹಳ್ಳದ ಪಕ್ಕದ ಮನೆಯ ಹುಡುಗನೊಬ್ಬನದಾಗಿತ್ತು. ಒಂದು ದಿನವೂ ಅವನು ತಪ್ಪಿಸಲಿಲ್ಲ.