ಮೊದಲು ಕತ್ತರಿಸಿ ಆಮೇಲೆ ಅಚ್ಚೊತ್ತುವ ಕ್ರಮ: ಕಾರ್ಡು ತಯಾರಿಕೆಯಲ್ಲಿ ನನ್ನ ಅನುಭವ

ಕೈಯಿಂದ ಶುಭಾಶಯ ಪತ್ರ ಮಾಡುವ ನಮ್ಮಲ್ಲಿ ಬಹುತೇಕ ಎಲ್ಲರೂ ಮೊದಲು ಚಿತ್ರವನ್ನು ಸ್ಟಾಂಪಿನಿಂದ ಒತ್ತಿ, ಬಣ್ಣ ತುಂಬಿ, ಆಮೇಲೆ ಅದರ ಸುತ್ತ ಡೈ, ಅಂದರೆ ಅಲಗಿನ ಅಂಚಿರುವ ತೆಳು ಲೋಹದ ಅಚ್ಚು ಇಟ್ಟು, ಎರಡು ಪ್ಲೇಟುಗಳ ನಡುವೆ ರೋಲರ್ ಯಂತ್ರದಲ್ಲಿ ಹಾಯಿಸಿ ಕತ್ತರಿಸುತ್ತಾರೆ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇನೆ. ಮೊದಲು ಖಾಲಿ ಕಾರ್ಡ್‌ಸ್ಟಾಕಿನಿಂದ (ಕಾರ್ಡಿಗೆ ಬಳಸುವ ದಪ್ಪ ಕಾಗದ) ಬೇಕಾದಷ್ಟು ತುಣುಕುಗಳನ್ನು ಕತ್ತರಿಸಿಕೊಂಡು, ಅದೇ ಡೈ ಕತ್ತರಿಸಿ ಬಿಟ್ಟ ಹೊರಚೌಕಟ್ಟನ್ನು ಸ್ಟಾಂಪಿಂಗ್ ಪ್ಲಾಟ್‌ಫಾರ್ಮಿನಲ್ಲಿ (ಮುಚ್ಚಳಕ್ಕೆ ಸ್ಟಾಂಪು ಅಂಟಿಸಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಒತ್ತುವ ಸಾಧನ) ಕೂರಿಸಿ, ಅದರ ಕಿಂಡಿಯೊಳಗೆ ಒಂದೊಂದೇ ತುಣುಕನ್ನಿಟ್ಟು ಅಚ್ಚೊತ್ತುತ್ತೇನೆ. ಇದನ್ನು ಹೇಳಿದಾಗಲೆಲ್ಲ ಈ ಕೆಲಸದಲ್ಲಿ ನುರಿತವರೇ ಮೂರು ಆಕ್ಷೇಪ ಎತ್ತಿದರು: ಕತ್ತರಿಸಿದ ಅಂಚಿನ ಹತ್ತಿರ ಮುದ್ರೆ ಸರಿಯಾಗಿ ಮೂಡುವುದಿಲ್ಲ, ತುಣುಕು ಸ್ಟಾಂಪಿಗೆ ಅಂಟಿಕೊಂಡು ಮೇಲೇಳುತ್ತದೆ, ಚೌಕಟ್ಟು ಹತ್ತಿಪ್ಪತ್ತು ಬಾರಿಗಿಂತ ಹೆಚ್ಚು ಬಾಳುವುದಿಲ್ಲ. ಮೂರೂ ಆಕ್ಷೇಪಗಳಲ್ಲಿ ಹುರುಳಿತ್ತು, ಮೂರಕ್ಕೂ ಪರಿಹಾರ ಸಿಕ್ಕಿದೆ. ಈಚೆಗೆ ಒಂದೇ ಮಾದರಿಯ ಸುಮಾರು 150 ಕಾರ್ಡುಗಳ ಬೇಡಿಕೆಯನ್ನು ಈ ಕ್ರಮದಲ್ಲಿ ಪೂರೈಸಿದ ಮೇಲೆ, ಎಲ್ಲವನ್ನೂ ಬರೆದಿಡುವುದು ಸೂಕ್ತವೆನಿಸಿತು.

ಹಳೆಯ ಕ್ರಮದಲ್ಲಿ ನನಗೆ ಸಲ್ಲದ್ದು ಅದರ ನಷ್ಟ. ಚಿತ್ರದ ಸುತ್ತ ಒಂದೂವರೆ ಮಿಲಿಮೀಟರ್ ಬಿಳಿ ಅಂಚು ಎಲ್ಲ ಕಡೆ ಸಮನಾಗಿ ಉಳಿಯಬೇಕಾದರೆ ಡೈಯನ್ನು ಕಣ್ಣಳತೆಯಲ್ಲಿ ಕೂರಿಸಿ, ಹಗುರ ಅಂಟಿನ ಟೇಪು ಹಚ್ಚಿ, ಉಸಿರು ಬಿಗಿಹಿಡಿದು ರೋಲರಿನೊಳಗೆ ಕಳುಹಿಸಬೇಕು. ಅಷ್ಟು ಮಾಡಿದರೂ ಪ್ಲೇಟುಗಳ ನಡುವೆ ಡೈ ಕೂದಲೆಳೆಯಷ್ಟು ಸರಿದರೆ ಒಂದು ಬದಿಯ ಅಂಚು ದಪ್ಪವಾಗಿ, ಇನ್ನೊಂದು ಬದಿಯಲ್ಲಿ ಚಿತ್ರವೇ ತುಂಡಾಗುತ್ತದೆ. ಬಣ್ಣ ತುಂಬಿದ ಮೇಲೆ ಕೆಡುವ ತುಣುಕು ಬರೀ ಕಾಗದವಲ್ಲ, ಅದರಲ್ಲಿ ಅರ್ಧ ಗಂಟೆಯ ಮಾರ್ಕರ್ ಕೆಲಸವೂ ಸೇರಿರುತ್ತದೆ. ನನ್ನ ನೆನಪಿನ ಲೆಕ್ಕದಲ್ಲಿ ಹತ್ತರಲ್ಲಿ ಎರಡು, ಕೆಲವೊಮ್ಮೆ ಮೂರು ತುಣುಕುಗಳು ಹೀಗೆ ಹೋಗುತ್ತಿದ್ದವು. ಈಗ ಮೂವತ್ತಕ್ಕೆ ಒಂದು ಹೋದರೆ ಹೆಚ್ಚು, ಅದೂ ಬಣ್ಣ ತುಂಬುವುದಕ್ಕೆ ಮುಂಚೆಯೇ ಗೊತ್ತಾಗುತ್ತದೆ.

ಈ ವಿಧಾನ ನಿಂತಿರುವುದು ತೆಳು ಲೋಹದ ಡೈಗಳ ಒಂದು ಗುಣದ ಮೇಲೆ. ಅವು ಕಾಗದವನ್ನು ಒತ್ತಿ ಸೀಳುತ್ತವೆಯೇ ಹೊರತು ಅದರಿಂದ ಏನನ್ನೂ ತೆಗೆದುಹಾಕುವುದಿಲ್ಲ. ಆದ್ದರಿಂದ ತುಣುಕಿಗೂ ಕಿಂಡಿಗೂ ನಡುವೆ ಸಂದು ಎಂಬುದೇ ಇರುವುದಿಲ್ಲ, ತುಣುಕು ತನ್ನ ಜಾಗಕ್ಕೆ ಮರಳಿ ಕೂತರೆ ಅಲುಗುವುದಿಲ್ಲ. ಇದರ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ಲೇಸರಿನಲ್ಲಿ ಕತ್ತರಿಸಿದ ಅಕ್ರಿಲಿಕ್ ಚೌಕಟ್ಟೊಂದನ್ನು ಮಾಡಿಸಿ ನೋಡಿದಾಗ. ನೋಡಲು ಬಹಳ ಅಚ್ಚುಕಟ್ಟಾಗಿದ್ದ ಅದಕ್ಕೆ ಸುಮಾರು 40 ಕಾರ್ಡುಗಳ ಲಾಭದಷ್ಟು ಹಣ ಹೋಯಿತು. ಆದರೆ ಲೇಸರ್ ಕಿರಣ ತಾನು ಹಾದ ಗೆರೆಯನ್ನು ಸುಟ್ಟು ತೆಗೆಯುವುದರಿಂದ ಸುತ್ತಲೂ ಒಂದಿಷ್ಟು ಸಡಿಲ ಉಳಿದು ತುಣುಕು ಅಲುಗಾಡುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ 3 ಮಿಲಿಮೀಟರ್ ದಪ್ಪದ ಆ ಚೌಕಟ್ಟು ತುಣುಕಿಗಿಂತ ಬಹಳ ಎತ್ತರವಾಗಿ ನಿಂತು, ಸ್ಟಾಂಪು ಅಂಚಿನ ಹತ್ತಿರ ಕಾಗದವನ್ನು ಮುಟ್ಟುತ್ತಲೇ ಇರಲಿಲ್ಲ. ಚೌಕಟ್ಟು ತುಣುಕಿನಷ್ಟೇ ದಪ್ಪವಿರಬೇಕು, ಇಲ್ಲವೇ ಅದಕ್ಕಿಂತ ತೆಳುವಿರಬೇಕು, ದಪ್ಪವಂತೂ ಇರಕೂಡದು. ಹಣ ಕೊಟ್ಟು ಕಲಿತ ಈ ನಿಯಮವನ್ನು ಆಮೇಲೆ ನಾನು ಎಂದೂ ಬಿಟ್ಟಿಲ್ಲ.

ಮೊದಮೊದಲು 216 ಜಿಎಸ್‌ಎಮ್ (ಚದರ ಮೀಟರಿಗೆ 216 ಗ್ರಾಂ ತೂಕದ) ಕಾರ್ಡ್‌ಸ್ಟಾಕಿನ ಚೌಕಟ್ಟನ್ನೇ ಬಳಸುತ್ತಿದ್ದೆ. ಅದು ಸುಮಾರು 50 ಮುದ್ರೆಗಳವರೆಗೆ ಗಟ್ಟಿಯಾಗಿ ನಿಂತು, ನಂತರ ಕಿಂಡಿಯ ಮೂಲೆಗಳು ಮೆತ್ತಗಾಗುತ್ತಿದ್ದವು. ಈಗ ಕಾಲು ಮಿಲಿಮೀಟರಿಗಿಂತ ತುಸು ಕಡಿಮೆ ದಪ್ಪದ ಪಾರದರ್ಶಕ ಅಸಿಟೇಟ್ ಹಾಳೆಯಲ್ಲಿ ಅದೇ ಡೈಯಿಂದ ಕಿಂಡಿ ಕತ್ತರಿಸುತ್ತೇನೆ. ಕಟಿಂಗ್ ಪ್ಲೇಟಿನ ಕೆಳಗೆ ಒಂದು ಕಾಗದದ ಶಿಮ್ (ಒತ್ತಡ ಹೆಚ್ಚಿಸುವ ತೆಳು ಪದರ) ಸೇರಿಸಿ, ಡೈಯನ್ನು ರೋಲರಿಗೆ ನೇರವಾಗಿ ಇಡದೆ ಓರೆಯಾಗಿಟ್ಟು, ಎರಡು ಸಲ ಹಾಯಿಸಿದರೆ ಅಸಿಟೇಟ್ ಸ್ವಚ್ಛವಾಗಿ ಬಿಡುತ್ತದೆ. ಒಂದು ಅಸಿಟೇಟ್ ಚೌಕಟ್ಟಿನಲ್ಲಿ 400ಕ್ಕೂ ಹೆಚ್ಚು ತುಣುಕುಗಳನ್ನು ಒತ್ತಿದ ಮೇಲೂ ಅದರ ಮೂಲೆಗಳು ಹಾಗೆಯೇ ಇವೆ. ಕಿಂಡಿಯ ಒಂದು ಬದಿಯಲ್ಲಿ ಬೆರಳ ತುದಿ ಹಿಡಿಯುವಷ್ಟು ಅರೆವೃತ್ತವನ್ನು ಹೆಚ್ಚುವರಿಯಾಗಿ ಕತ್ತರಿಸಿದರೆ ತುಣುಕನ್ನು ಎತ್ತುವುದು ಸುಲಭ. ಪ್ಲಾಟ್‌ಫಾರ್ಮಿನಲ್ಲಿ ಕಾಗದ ಹಿಡಿದಿಡುವ ಅಯಸ್ಕಾಂತಗಳು ಚೌಕಟ್ಟಿನ ಮೇಲೆ ಮಾತ್ರ ಇರಲಿ, ತುಣುಕಿನ ಮೇಲೆ ಬೇಡ.

ಸ್ಟಾಂಪನ್ನು ಕೂರಿಸುವ ಕೆಲಸ ಇಡೀ ಕಂತಿಗೆ ಒಂದೇ ಬಾರಿ. ಫೋಟೊಪಾಲಿಮರ್ ಸ್ಟಾಂಪು ಪಾರದರ್ಶಕವಾದ್ದರಿಂದ ತುಣುಕಿನ ಮೇಲೆ ಅದನ್ನು ಬೋರಲಾಗಿಟ್ಟು, ಸುತ್ತಲಿನ ಅಂಚನ್ನು ಮೇಲಿನಿಂದಲೇ ನೋಡಿ ಸರಿಪಡಿಸಿ, ಮುಚ್ಚಳ ಒತ್ತಿದರೆ ಮುಗಿಯಿತು. ಕೆಂಪು ರಬ್ಬರಿನಲ್ಲಿ ಆಚೆಯದು ಕಾಣುವುದಿಲ್ಲ. ಅದಕ್ಕೆ ನಾನು ಮೊದಲು ಒಂದು ಪಾರದರ್ಶಕ ಹಾಳೆಯ ಮೇಲೆ ಮುದ್ರೆ ಒತ್ತಿ, ಹಾಳೆಯನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ಚೌಕಟ್ಟನ್ನು ಸರಿಸುತ್ತ ತುಣುಕು ಮುದ್ರೆಯ ನಡುವಿಗೆ ಬಂದಾಗ ಟೇಪು ಹಚ್ಚುತ್ತೇನೆ. ಫೋಟೊಪಾಲಿಮರಿಗೆ ಪ್ಲಾಟ್‌ಫಾರ್ಮಿನ ತಳದಲ್ಲಿ ಫೋಮ್ ಹಾಳೆ ಇರಬೇಕು, ದಪ್ಪ ರಬ್ಬರಿಗೆ ಅದನ್ನು ತೆಗೆಯಬೇಕು ಎಂಬುದು ನಿಮಗೆ ಗೊತ್ತಿರುವುದೇ. ಚೌಕಟ್ಟನ್ನು ಫೋಮಿನ ಮೇಲೆಯೇ ಅಂಟಿಸಿದರೆ ಒತ್ತಡ ಬಿದ್ದಾಗ ಎರಡೂ ಒಟ್ಟಿಗೆ ಇಳಿಯುತ್ತವೆ ಎಂಬುದನ್ನಷ್ಟೇ ಸೇರಿಸುತ್ತೇನೆ.

ಅಂಚಿನ ಬಗ್ಗೆ ಎತ್ತಿದ ಆಕ್ಷೇಪಕ್ಕೆ ಬರುತ್ತೇನೆ. ಡೈಯ ಅಲಗು ಇಳಿದ ಬದಿಯಲ್ಲಿ ಕಾಗದದ ಅಂಚು ಸ್ವಲ್ಪ ದುಂಡಾಗಿ ಬಾಗಿರುತ್ತದೆ, ನಿಜ. ಆದರೆ ಆ ಬಾಗು ಅರ್ಧ ಮಿಲಿಮೀಟರನ್ನೂ ದಾಟುವುದಿಲ್ಲ. ಚಿತ್ರದ ಸುತ್ತ ನಾವು ಬಿಡುವ ಬಿಳಿ ಜಾಗದೊಳಗೇ ಅದು ಮುಗಿದುಹೋಗುತ್ತದೆ. ನಿಜವಾಗಿ ಕಾಡಿದ್ದು ಅಂಚಿನಿಂದ ಉದುರುವ ನಾರಿನ ಹುಡಿ. ಅದು ಶಾಯಿ ಹಚ್ಚಿದ ಸ್ಟಾಂಪಿನ ಮೇಲೆ ಕೂತು, ಗಾಢ ಬಣ್ಣದ ತುಂಬು ಚಿತ್ರಗಳಲ್ಲಿ ಬಿಳಿ ಚುಕ್ಕೆಗಳನ್ನು ಉಳಿಸುತ್ತದೆ. ಕತ್ತರಿಸಿದ ತುಣುಕುಗಳನ್ನು ಕಟ್ಟಾಗಿ ಹಿಡಿದು ನಾಲ್ಕೂ ಬದಿಗಳನ್ನು ಒಣ ಬ್ರಷ್ಷಿನಿಂದ ಗಟ್ಟಿಯಾಗಿ ಉಜ್ಜಿದರೆ ಮುಕ್ಕಾಲು ಪಾಲು ಹುಡಿ ಅಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಪ್ರತಿ ಹದಿನೈದು ಮುದ್ರೆಗೊಮ್ಮೆ ಸ್ಟಾಂಪನ್ನು ಒರೆಸಬೇಕು.

ತುಣುಕು ಸ್ಟಾಂಪಿನ ಜೊತೆ ಮೇಲೇಳುವುದು ಕಾಗದ ಹೀರಿಕೊಳ್ಳುವ ಡೈ ಇಂಕಿನಲ್ಲಿ (ಇಲ್ಲಿ ಡೈ ಎಂದರೆ ಬಣ್ಣ, ಕತ್ತರಿಸುವ ಅಚ್ಚಲ್ಲ) ಅಪರೂಪ, ಕಾಗದದ ಮೇಲೆಯೇ ನಿಲ್ಲುವ ಪಿಗ್ಮೆಂಟ್ ಇಂಕಿನಲ್ಲಿ ಸಾಮಾನ್ಯ, ಎಂಬಾಸಿಂಗಿಗೆ (ಪೌಡರ್ ಉದುರಿಸಿ ಕಾವಿನಲ್ಲಿ ಕರಗಿಸಿ ಚಿತ್ರವನ್ನು ಉಬ್ಬಿಸುವುದು) ಹಚ್ಚುವ ವರ್ಸಾಮಾರ್ಕಿನಂಥ ಅಂಟಂಟಾದ ಇಂಕಿನಲ್ಲಿ ಬಹುತೇಕ ಖಚಿತ. ಎರಡು ಬದಿ ಅಂಟಿನ ಟೇಪು ಹಾಕಿ ನೋಡಿದೆ, ತುಣುಕಿನ ಹಿಂಬದಿ ಹರಿಯಿತು. ಹಗುರ ಅಂಟಿನ ಟೇಪನ್ನು ಮಗುಚಿ ಹಾಕಿದೆ, ಇಪ್ಪತ್ತು ತುಣುಕುಗಳಲ್ಲಿ ಅದರ ಹಿಡಿತ ಸತ್ತುಹೋಯಿತು. ಕೊನೆಗೆ ಕಿಂಡಿಯ ತಳಕ್ಕೆ ತೊಳೆದು ಮತ್ತೆ ಬಳಸಬಹುದಾದ ಒಂದು ಲೇಪವನ್ನು ಕಂಡುಕೊಂಡೆ. ಒಂದೇ ಲೇಪನದಲ್ಲಿ ನೂರಕ್ಕೂ ಹೆಚ್ಚು ತುಣುಕುಗಳನ್ನು ಅದು ಹಿಡಿದು ಬಿಡುತ್ತದೆ. ಅದು ಯಾವುದೆಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಿಮ್ಮ ಮೇಜಿನ ಮೇಲೆ ಈಗಾಗಲೇ ಇರಬಹುದಾದ ಸಾಮಗ್ರಿಯೇ ಅದು ಎಂದಷ್ಟು ಹೇಳಬಲ್ಲೆ.

ಯಾರೂ ಎತ್ತದ, ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ ತೊಂದರೆ ತೇವಾಂಶದ್ದು. ಕಾಗದ ತೇವ ಹೀರಿದಾಗ ನಾರಿನ ಉದ್ದಕ್ಕೆ ಹಿಗ್ಗುವುದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ಅಸಿಟೇಟ್ ಕಾಗದದಂತೆ ಹಿಗ್ಗುವುದಿಲ್ಲ. ಹೀಗಾಗಿ ಒಣ ಹವೆಯಲ್ಲಿ ಸರಿಯಾಗಿ ಕೂರುತ್ತಿದ್ದ ತುಣುಕು ತೇವದ ದಿನ ಕಿಂಡಿಯಲ್ಲಿ ಬಿಗಿಯಾಗಿ ಸಿಕ್ಕಿ, ನಡುವೆ ಉಬ್ಬಿ, ಮುದ್ರೆ ಮಧ್ಯದಲ್ಲಿ ಗಾಢವಾಗಿಯೂ ಬದಿಗಳಲ್ಲಿ ಮಸುಕಾಗಿಯೂ ಮೂಡುತ್ತಿತ್ತು. ಕೆಲವು ತುಣುಕುಗಳು ಮಾತ್ರ ಹೀಗೆ ಮಾಡುತ್ತಿದ್ದುದರಿಂದ ಕಾರಣ ಹಿಡಿಯಲು ಬಹಳ ಕಾಲ ಬೇಕಾಯಿತು: ಕಾಗದ ಉಳಿಸಲೆಂದು ಹಾಳೆಯಲ್ಲಿ ಡೈಯನ್ನು ಒಮ್ಮೆ ಉದ್ದಕ್ಕೂ ಒಮ್ಮೆ ಅಡ್ಡಕ್ಕೂ ಇಟ್ಟು ಕತ್ತರಿಸಿದಾಗ ತುಣುಕುಗಳ ನಾರಿನ ದಿಕ್ಕು ಬೇರೆಬೇರೆಯಾಗುತ್ತಿತ್ತು. ಈಗ ಒಂದು ಕಂತಿನ ಎಲ್ಲ ತುಣುಕುಗಳೂ ಒಂದೇ ದಿಕ್ಕಿನಲ್ಲಿ ಕತ್ತರಿಸಲ್ಪಡುತ್ತವೆ, ಮೇಲಂಚಿನ ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಗುರುತು ಪಡೆಯುತ್ತವೆ, ಒತ್ತುವವರೆಗೆ ಮುಚ್ಚಿದ ಡಬ್ಬಿಯಲ್ಲಿ ಇರುತ್ತವೆ. ಆ ಪೆನ್ಸಿಲ್ ಗುರುತು ಬಹಳ ಮುಖ್ಯ. ನೋಡಲು ಸಮವಾಗಿರುವ ಡೈಗಳಲ್ಲಿಯೂ ಸಣ್ಣ ಅಸಮತೆ ಇರುತ್ತದೆ, ತಿರುಗಿಸಿಟ್ಟ ತುಣುಕು ಕಿಂಡಿಗೆ ಪೂರ್ತಿ ಒಪ್ಪುವುದಿಲ್ಲ.

ಪದರ ಪದರವಾಗಿ ಒತ್ತುವ ಹೂವಿನ ಸ್ಟಾಂಪುಗಳಲ್ಲಿ ಈ ವಿಧಾನದ ನಿಜವಾದ ಶಕ್ತಿ ಕಾಣುತ್ತದೆ. ತಿಳಿ, ನಡು, ಗಾಢ ಎಂದು ಮೂರು ಛಾಯೆಗಳನ್ನು ಒಂದರ ಮೇಲೊಂದು ಕೂರಿಸುವಾಗ ಪ್ರತಿ ತುಣುಕಿಗೂ ಮೂರು ಸಲ ಹೊಂದಿಸುವ ಬದಲು, ಎಲ್ಲ ತುಣುಕುಗಳಿಗೂ ಮೊದಲ ಛಾಯೆ ಮುಗಿಸಿ, ಸ್ಟಾಂಪು ಬದಲಿಸಿ, ಎರಡನೆಯದಕ್ಕೆ ಹೋಗುತ್ತೇನೆ. ಅಷ್ಟರಲ್ಲಿ ಮೊದಲ ಛಾಯೆ ಒಣಗಿಯೂ ಇರುತ್ತದೆ. ಹೀಟ್ ಎಂಬಾಸಿಂಗ್ ಇದ್ದರೆ ಅದು ಕಟ್ಟಕಡೆಗೆ ಬರಬೇಕು, ಏಕೆಂದರೆ ಹೀಟ್ ಗನ್ನಿನ ಕಾವಿಗೆ ತೇವ ಕಳೆದುಕೊಂಡ ತುಣುಕು ಕುಗ್ಗಿ ಸುರುಳುತ್ತದೆ, ಮತ್ತೆ ಕಿಂಡಿಗೆ ಮೊದಲಿನಂತೆ ಕೂರುವುದಿಲ್ಲ. ಕತ್ತರಿಸಿದ ಅಂಚಿಗೆ ಎಂಬಾಸಿಂಗ್ ಪೌಡರ್ ಬಹಳ ಬೇಗ ಹತ್ತುವುದರಿಂದ, ಪೌಡರ್ ಅಂಟದಂತೆ ತಡೆಯುವ ಪುಡಿಚೀಲವನ್ನು ಮುಖಕ್ಕಷ್ಟೇ ಅಲ್ಲದೆ ಅಂಚುಗಳಿಗೂ ತಟ್ಟಬೇಕು.

ಈ ನಡುವೆ ಮಾಡಿದ ಒಂದು ಪ್ರಯೋಗ ಮುಖ್ಯ ಕೆಲಸಕ್ಕಿಂತಲೂ ಹೆಚ್ಚು ಸಂತೋಷ ಕೊಟ್ಟಿತು. ಚೌಕಟ್ಟನ್ನು ಮಗುಚಿಟ್ಟರೆ ಕಿಂಡಿ ಕನ್ನಡಿಯ ಪ್ರತಿಬಿಂಬದಂತೆ ತಿರುಗುತ್ತದೆ, ತುಣುಕನ್ನೂ ಮಗುಚಿ ಅದರಲ್ಲಿಟ್ಟರೆ ಹಿಂಬದಿಯಲ್ಲಿಯೂ ಮುಂಬದಿಗೆ ಸರಿಯಾಗಿ ಹೊಂದುವಂತೆ ಒತ್ತಬಹುದು. ದಾರದಲ್ಲಿ ತೂಗುವ ಎರಡು ಮುಖದ ಟ್ಯಾಗುಗಳನ್ನು, ಕಾರ್ಡಿನ ಕಿಂಡಿಯಲ್ಲಿ ತಿರುಗುವ ಹಕ್ಕಿಗಳನ್ನು ಹೀಗೆ ಮಾಡಿದೆ. ಕಾಗದ 216 ಜಿಎಸ್‌ಎಮ್‌ಗಿಂತ ತೆಳುವಾದರೆ ಗಾಢ ಬಣ್ಣ ಆಚೆಗೆ ಕಾಣುತ್ತದೆ. 300 ಜಿಎಸ್‌ಎಮ್ ಹಾಳೆಯಲ್ಲಿ ಆ ತೊಂದರೆ ಇಲ್ಲ. ಅರೆಪಾರದರ್ಶಕ ವೆಲ್ಲಂ ಕಾಗದದಲ್ಲಿಯೂ ಪ್ರಯತ್ನಿಸಿದೆ. ಶಾಯಿ ಒಣಗದೆ ಬೆರಳಿಗೆ ಹತ್ತಿತು, ಕಾವು ಕೊಟ್ಟರೆ ಕಾಗದ ಸುರುಟಿತು. ಅದನ್ನು ಅಲ್ಲಿಗೇ ಬಿಟ್ಟೆ.

ಹಣದ ಲೆಕ್ಕವನ್ನು ನಾನು ಕಾರ್ಡುಗಳಲ್ಲೇ ಇಡುತ್ತೇನೆ. ಡೈ ಕಟಿಂಗ್ ಯಂತ್ರ, ಪ್ಲಾಟ್‌ಫಾರ್ಮ್, ಒಂದಷ್ಟು ಡೈಗಳು ಸೇರಿ ಹೂಡಿದ್ದು ಸುಮಾರು 300 ಕಾರ್ಡುಗಳ ಲಾಭಕ್ಕೆ ಸಮ. ಹಳೆಯ ಕ್ರಮದಲ್ಲಿ ಒಂದು ಕಾರ್ಡಿನ ಮಾರಾಟದ ಹಣದಲ್ಲಿ ಮೂರನೇ ಒಂದು ಪಾಲು ಕಾಗದ, ಶಾಯಿ, ಅಂಟು, ಕೆಟ್ಟ ತುಣುಕುಗಳಿಗೆ ಹೋಗುತ್ತಿತ್ತು. ಈಗ ಐದನೇ ಒಂದು ಪಾಲಿನ ಆಸುಪಾಸು ಹೋಗುತ್ತದೆ. ದೊಡ್ಡ ಉಳಿತಾಯ ಕಾಗದದಲ್ಲೇ ಆಗಿದೆ. ಖಾಲಿ ಹಾಳೆಯಲ್ಲಿ ಡೈಯನ್ನು ಬೇಕಾದ ಕಡೆ ಒತ್ತೊತ್ತಾಗಿ ಇಡಬಹುದಾದ್ದರಿಂದ, 60ಕ್ಕೆ 80 ಮಿಲಿಮೀಟರ್ ಅಳತೆಯ ತುಣುಕುಗಳು ಒಂದು ಎ4 ಹಾಳೆಯಲ್ಲಿ ಮೊದಲು 6 ಸಿಗುತ್ತಿದ್ದಲ್ಲಿ ಈಗ 9 ಸಿಗುತ್ತವೆ, ಅದೂ ನಾರಿನ ದಿಕ್ಕನ್ನು ಕೆಡಿಸದೆ. ಕಟಿಂಗ್ ಪ್ಲೇಟುಗಳ ಒಂದೇ ಜಾಗದಲ್ಲಿ ಒತ್ತಡ ಬೀಳದಿರುವುದರಿಂದ ಅವು ಬಾಗುವುದೂ ನಿಧಾನವಾಗಿದೆ. ನನ್ನ ಬಳಿ ಇರುವ ಎರಡನೆಯ, ದೊಡ್ಡ ಅಳತೆಯ ಪ್ಲಾಟ್‌ಫಾರ್ಮು ಮಾತ್ರ ಇನ್ನೂ ತನ್ನ ಬೆಲೆಯನ್ನು ದುಡಿದು ಕೊಟ್ಟಿಲ್ಲ. ಸಣ್ಣ ತುಣುಕುಗಳ ಈ ಕೆಲಸಕ್ಕೆ ಸಣ್ಣದೇ ಸಾಕು.

ವೃತ್ತಾಕಾರದ ತುಣುಕುಗಳ ಬಗ್ಗೆ ಕೇಳುವವರು ಬಹಳ. ಒಂದೇ ಮುದ್ರೆಯಾದರೆ ತೊಂದರೆಯಿಲ್ಲ, ಅಂಟಿಸುವಾಗ ಅಕ್ಷರ ನೋಡಿ ತಿರುಗಿಸಿಕೊಂಡರಾಯಿತು. ಪದರಗಳಿದ್ದರೆ ತುಣುಕು ಕಿಂಡಿಯಲ್ಲಿ ತಿರುಗಿ ಛಾಯೆಗಳು ಜಾರುತ್ತವೆ, ಪೆನ್ಸಿಲ್ ಗುರುತು ಅಷ್ಟು ನಿಖರವಲ್ಲ. ನಾನು ಬಳಸುವ ಉಪಾಯಕ್ಕೆ ಎರಡನೆಯ ಡೈ ಒಂದು ಬೇಕಾಗುತ್ತದೆ. ಮುಗಿದ ಕಾರ್ಡಿನಲ್ಲಿ ಅದರ ಗುರುತು ಕಾಣುವುದಿಲ್ಲ ಎಂಬುದಕ್ಕಿಂತ ಹೆಚ್ಚಿಗೆ ಈಗ ಹೇಳಲಾರೆ.

ಪ್ರತಿ ಅಸಿಟೇಟ್ ಚೌಕಟ್ಟನ್ನೂ ಅದರ ಡೈ ಮತ್ತು ಸ್ಟಾಂಪಿನ ಜೊತೆ ಒಂದೇ ಲಕೋಟೆಯಲ್ಲಿ ಇಡುತ್ತೇನೆ. ಚೌಕಟ್ಟಿನ ಮೇಲೆ ಸ್ಟಾಂಪಿನ ಹೊರರೇಖೆಯನ್ನೂ ಪ್ಲಾಟ್‌ಫಾರ್ಮಿನ ಮೂಲೆಯಿಂದ ಅದರ ದೂರವನ್ನೂ ಅಳಿಸದ ಶಾಯಿಯಲ್ಲಿ ಬರೆದಿರುತ್ತೇನೆ. ಅದೇ ಕಾರ್ಡಿಗೆ ಮತ್ತೆ ಬೇಡಿಕೆ ಬಂದರೆ ಸುಮಾರು ಹತ್ತು ನಿಮಿಷದಲ್ಲಿ ಮೊದಲ ತುಣುಕು ಒತ್ತಲು ಸಿದ್ಧವಾಗುತ್ತದೆ. ಈಚಿನ ಬೇಡಿಕೆಗಳಲ್ಲಿ ಅರ್ಧದಷ್ಟು ಹೀಗೆ ಮರಳಿ ಬಂದವೇ ಆಗಿವೆ.