ಮಿನಿ ಕರುಳಿಗೆ ಆಲ್ಜಿನೇಟ್: ನಾನು ಮಾಡುವ ರೀತಿ

ಲ್ಯಾಬಿನಲ್ಲಿ ಕಾಂಡಕೋಶದಿಂದ ಬೆಳೆಸುವ ಪುಟಾಣಿ ಕರುಳಿಗೆ (ಆರ್ಗನಾಯ್ಡ್) ಆಸರೆಯಾಗಿ ಸಾಮಾನ್ಯವಾಗಿ ಹಾಕುವ ಜೆಲ್ ಮ್ಯಾಟ್ರಿಜೆಲ್. ಒಮ್ಮೆ ನಮ್ಮ ಲ್ಯಾಬಿಗೆ ಅದರ ಪಾರ್ಸೆಲ್ ಬಂತು. ತೆರೆದರೆ ಡ್ರೈ ಐಸ್ ಪೂರ್ತಿ ಖಾಲಿ. ಬಾಟಲಿ ಓರೆ ಮಾಡಿದರೂ ಒಳಗಿನದು ಅಲ್ಲಾಡಲಿಲ್ಲ. 10 ಡಿಗ್ರಿ ದಾಟಿದರೆ ಅದು ಗಟ್ಟಿಯಾಗತೊಡಗುತ್ತದೆ. ಇಲಿಯ ಗಡ್ಡೆಯಿಂದ ತೆಗೆಯುವ ಸರಕು ಬೇರೆ. ಒಂದು ಬ್ಯಾಚ್ ಇದ್ದಂತೆ ಇನ್ನೊಂದಿರುವುದಿಲ್ಲ. ಆ ವಾರವೇ ಆಲ್ಜಿನೇಟ್ ಹಿಡಿದೆ.

ಇದು ಕಂದು ಕಡಲಪಾಚಿಯಿಂದ ಬರುವ ಪುಡಿ. ಜೀವಕೋಶಗಳು ಇದಕ್ಕೆ ಅಂಟುವುದಿಲ್ಲ. ಮತ್ತೆ ಕರುಳು ಬೆಳೆಯೋದು ಹೇಗೆ ಅಲ್ವಾ? ಪ್ಲುರಿಪೊಟೆಂಟ್ (ದೇಹದ ಯಾವ ಬಗೆಯ ಕೋಶವಾದರೂ ಆಗಬಲ್ಲ) ಕಾಂಡಕೋಶದಿಂದ ಮಾಡಿದ ಕರುಳಿನ ಉಂಡೆಗಳು ತಮಗೆ ಬೇಕಾದ್ದನ್ನು ತಾವೇ ಕಟ್ಟಿಕೊಳ್ಳುತ್ತವೆ, ಸುಮ್ನೆ ಒಂದು ಆಸರೆ ಸಾಕು ಎಂದು 2019ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಆ ಉಂಡೆಗಳಲ್ಲಿ ಮೆಸೆಂಕೈಮ್, ಅಂದರೆ ಒಳಪದರಕ್ಕೆ ಆಧಾರವಾಗುವ ಅಂಗಾಂಶ, ಮೊದಲೇ ಇರುತ್ತದೆ. ಬಯಾಪ್ಸಿಯಿಂದ ಬೆಳೆಸುವ, ಬರೀ ಎಪಿಥೀಲಿಯಮ್ (ಒಳಪದರದ ಕೋಶಗಳು) ಇರುವ ಆರ್ಗನಾಯ್ಡ್‌ಗೆ ಇದನ್ನು ನಂಬಬೇಡಿ.

10 ಮಿಲಿಲೀಟರ್ ಸಲೈನ್‌ಗೆ 100 ಮಿಲಿಗ್ರಾಂ ಪುಡಿ. ಸ್ಟಿರರ್ ತಿರುಗುತ್ತಿರುವಾಗಲೇ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಟ್ಟಿಗೆ ಸುರಿದರೆ ರಾಗಿ ಗಂಜಿಯಂತೆ ಗಂಟು ಕಟ್ಟುತ್ತದೆ, ಹೊರಗೆ ಲೋಳೆ, ಒಳಗೆ ಒಣ ಹಿಟ್ಟು. ರಾತ್ರಿಯಿಡೀ ತಿರುಗಲಿ. ಆಟೋಕ್ಲೇವ್ (ಒತ್ತಡದ ಹಬೆ) ಬೇಡ, ಆಲ್ಜಿನೇಟ್ ಅಣುವಿನ ಸರಪಳಿ ತುಂಡಾಗಿ ನೀರಾಗುತ್ತದೆ. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಹೆಬ್ಬೆರಳು ನೋಯುತ್ತದೆ, ಆದರೂ ಅದೇ ದಾರಿ.

24 ಗುಂಡಿಯ ಪ್ಲೇಟ್‌ನಲ್ಲಿ ಪ್ರತಿ ಗುಂಡಿಯ ತಳಕ್ಕೆ 2% ಕ್ಯಾಲ್ಸಿಯಂ ಕ್ಲೋರೈಡ್ 5 ಮೈಕ್ರೋಲೀಟರ್ ಇಡಿ. ಟಿಪ್‌ನ ತುದಿ ಕತ್ತರಿಸಿ, ಉಂಡೆಗಳಿರುವ ಆಲ್ಜಿನೇಟ್ 45 ಮೈಕ್ರೋಲೀಟರ್ ಅದರ ಮೇಲೆ ನಿಧಾನವಾಗಿ ಬಿಡಿ. ಕ್ಯಾಲ್ಸಿಯಂ ಮುಟ್ಟಿದ ಕೂಡಲೇ ಹೆಪ್ಪುಗಟ್ಟಲು ಶುರುವಾಗುತ್ತದೆ, ಕಲಕಲು ಹೋಗಬೇಡಿ. 37 ಡಿಗ್ರಿಯಲ್ಲಿ 10 ನಿಮಿಷ ಬಿಟ್ಟು, ನೀವು ಎಂದಿನಂತೆ ಹಾಕುವ ಮೀಡಿಯಂ (ಕೋಶಗಳ ಪೋಷಕ ದ್ರವ) ತುಂಬಿ.

ನಾನು ಎಡವಿದ್ದು ತೊಳೆಯುವಾಗ. ಅಭ್ಯಾಸಬಲದಿಂದ ಕ್ಯಾಲ್ಸಿಯಂ ಇಲ್ಲದ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು) ಹಾಕಿದೆ. ಅದರ ಫಾಸ್ಫೇಟ್ ಜೆಲ್‌ನ ಕ್ಯಾಲ್ಸಿಯಂ ಎಳೆದುಕೊಂಡಿತು, ಅಂಚು ಕರಗಿತು, ಮೂರು ವಾರದ ಕರುಳುಗಳು ವ್ಯಾಕ್ಯೂಮ್ ಪೈಪಿನೊಳಗೆ ಹೋದವು. ಈಗ ತೊಳೆಯುವುದೂ ಮೀಡಿಯಂನಿಂದಲೇ. ಪಿಬಿಎಸ್ ಬಾಟಲಿಯನ್ನು ಆ ದಿನ ಹುಡ್‌ನಿಂದ ಆಚೆ ಇಡುತ್ತೇನೆ.

ಆರ್ಗನಾಯ್ಡ್ ಹೊರತೆಗೆಯುವ ದಿನ ಮಾತ್ರ ಬೇಕೆಂದೇ ಕ್ಯಾಲ್ಸಿಯಂ ಕೀಳುತ್ತೇನೆ, ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಹಾಕಿ. ಜೆಲ್ ಕರಗಿದ್ದು ಕಂಡ ತಕ್ಷಣ ಎತ್ತಿಬಿಡಿ. ಜಾಸ್ತಿ ಹೊತ್ತು ಬಿಟ್ಟರೆ ಕೋಶಗಳ ನಡುವಿನ ಹಿಡಿತವೂ ಸಡಿಲವಾಗುತ್ತದೆ.